ಬೆಕ್ಕಿಗೆ ಜಾಲರಿ ಮನೆ: ಮೊದಲು ಎರಚಲು ನೋಡಿ

ನಮ್ಮ ಕಡೆ ಬೆಕ್ಕಿಗೆ ಜಾಲರಿ ಮನೆ ಕಟ್ಟಿಸುವವರು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಕಟ್ಟಿಸುತ್ತಾರೆ. ಅಡಿಕೆ ಕೆಲಸ ಮುಗಿದಿರುತ್ತದೆ, ವೆಲ್ಡಿಂಗ್‌ನವರು ಕೈಗೆ ಸಿಗುತ್ತಾರೆ. ಮನೆ ಮುಂದಿನ ಶೀಟಿನ ಕೆಳಗೆ ನೆಲ ಒಣಗಿರುತ್ತದೆ, ಗಾಳಿ ಚೆನ್ನಾಗಿ ಆಡುತ್ತದೆ. ಜುಲೈನಲ್ಲಿ ಅದೇ ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಹತ್ತಿರ ಬರುತ್ತಾರೆ.

ಕಳೆದ ವರ್ಷ ಪುನರ್ವಸು ಮಳೆಯಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ ಗಂಡು ಬೆಕ್ಕು ತಂದರು. "ಡಾಕ್ಟ್ರೇ, ನಿನ್ನೆಯಿಂದ ಕೂತು ಕೂತು ಏಳ್ತದೆ. ಒಂದು ಹನಿ ಬರ್ತಿಲ್ಲ." ಹೊಟ್ಟೆ ಮುಟ್ಟಿದರೆ ಮೂತ್ರಕೋಶ ನಿಂಬೆಹಣ್ಣಿನ ಹಾಗೆ ಗಟ್ಟಿ. ಉಚ್ಚೆ ಕಟ್ಟಿತ್ತು. ಗಂಡು ಬೆಕ್ಕಿನ ಮೂತ್ರನಾಳ ತುಂಬ ಸಣ್ಣದು. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ನಳಿಕೆ ಹಾಕಿ ತೆಗೆದೆವು, ಉಳಿಯಿತು.

ಆಮೇಲೆ ಅವರು ಮೊಬೈಲಿನಲ್ಲಿ ಗೂಡಿನ ಫೋಟೊ ತೋರಿಸಿದರು. ಅಚ್ಚುಕಟ್ಟಾದ ಕೆಲಸ. ಆದರೆ ಮರಳಿನ ಟ್ರೇ ಇಟ್ಟಿದ್ದು ಪಡುವಣ ಮೂಲೆಯಲ್ಲಿ. ಎರಚಲು ಹೊಡೆದು ಮರಳು ಗಂಜಿಯಾಗಿತ್ತು. ಒದ್ದೆ ಮರಳಿಗೆ ಎಷ್ಟೋ ಬೆಕ್ಕುಗಳು ಕಾಲಿಡುವುದಿಲ್ಲ, ತಡೆದುಕೊಂಡು ಕೂರುತ್ತವೆ. ಚಳಿಗೆ ನೀರು ಕುಡಿಯುವುದೂ ಕಡಿಮೆ. ಹೊಸ ಜಾಗದ ಗಾಬರಿ ಬೇರೆ. ಉಚ್ಚೆ ಕಟ್ಟುವುದಕ್ಕೆ ಇವೆಲ್ಲ ದಾರಿ ಮಾಡಿಕೊಡುತ್ತವೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಗಾಗಿ ಪೇಟೆಯ ನೆಂಟರ ಮನೆಯ ಗೂಡು ನೋಡಿ ಅಳತೆ ತರಬೇಡಿ. ಮುಂಗಾರಿನ ಗಾಳಿ ಬರುವುದು ನೈಋತ್ಯದಿಂದ. ಪಡುವಣಕ್ಕೋ ತೆಂಕಣಕ್ಕೋ ತೆರೆದ ಜಗಲಿಯಾದರೆ ಮೇಲೆ ಶೀಟಿದ್ದರೂ ನೀರು ಒಳಗೆ ಬರುತ್ತದೆ. ಒಂದು ಜೋರು ಮಳೆ ನೋಡಿ. ನೆಲ ಎಲ್ಲಿವರೆಗೆ ನೆನೆಯಿತೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆಯಿರಿ. ಹಾಸಿಗೆ, ಟ್ರೇ, ನೀರಿನ ಬಟ್ಟಲು ಗೆರೆಯಿಂದ ಒಳಗೆ. ಹತ್ತಿ ಇಳಿಯುವ ಹಲಗೆ ಬೇಕಾದರೆ ಹೊರಗಿರಲಿ.

ಎರಚಲಿಗೆ ಹೆದರಿ ಸುತ್ತ ಟಾರ್ಪಾಲು ಬಿಗಿಯುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಹಾಸಿಗೆಗೆ ಬೂಸ್ಟು ಬರುತ್ತದೆ. ಬೆಕ್ಕಿಗೆ ಹುಳುಕಡ್ಡಿ ಹತ್ತಿದರೆ ಅದನ್ನು ಎತ್ತಿ ಮುದ್ದಾಡುವ ಮಕ್ಕಳ ಕೈಗೂ ಬರುತ್ತದೆ. ನಮ್ಮ ಹಿರಿಯರು ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರಲ್ವಾ, ಅದೇ ಸಾಕು. ನೀರು ತಡೆಯುತ್ತದೆ, ಗಾಳಿ ಬಿಡುತ್ತದೆ. ಮೇಲೆ ಒಂದು ಗೇಣು ಖಾಲಿ ಬಿಡಿ.

ಜಾಗ ಆರಿಸಿಕೊಳ್ಳುವ ಅವಕಾಶ ಇದ್ದರೆ ನಾನು ಹೇಳುವುದು ಬಚ್ಚಲ ಗೋಡೆ. ಮಳೆಗಾಲದಲ್ಲಿ ಹಂಡೆ ಒಲೆ ಆರುವುದೇ ಇಲ್ಲ, ಗೋಡೆ ದಿನವಿಡೀ ಬೆಚ್ಚಗಿರುತ್ತದೆ. ಆ ಗೋಡೆಗೆ ಒರಗಿ ಗೂಡು ಬಂದರೆ ಬೆಕ್ಕಿಗೆ ಮತ್ತೇನು ಬೇಕು? ಹೊಗೆ ಮಾತ್ರ ಆ ಕಡೆ ತಿರುಗಬಾರದು.

ಇನ್ನು ಜಾಲರಿ. ನಾನೇ ಮೋಸ ಹೋಗಿದ್ದೇನೆ. ದುಡ್ಡು ಉಳಿಸಲು ಕೋಳಿ ಜಾಲರಿ ಹೊಡೆಸಿದೆ. ಎರಡನೇ ಮಳೆಗಾಲಕ್ಕೆ ನೆಲದ ಹತ್ತಿರ ತುಕ್ಕು ಹಿಡಿದು ಬಿಸ್ಕತ್ತಿನ ಹಾಗೆ ಮುರಿಯಿತು. ನಮ್ಮ ಚುಕ್ಕಿ ಹೊರಗೆ ಹೋದದ್ದು ಮೂರು ದಿನ ಬಿಟ್ಟು ಬಂತು, ಕಿವಿ ಹರಿದುಕೊಂಡು. ಈಗ ಎಲ್ಲರಿಗೂ ಒಂದಿಂಚು ಕಣ್ಣಿನ, 14 ಗೇಜಿನ ಜಿಐ (ಸತುವಿನ ಲೇಪ ಇರುವ ಕಬ್ಬಿಣ) ವೆಲ್ಡ್ ಮೆಶ್ ಹೇಳುತ್ತೇನೆ. ತಲೆ ತೂರಿದ ಸಂದಿಯಲ್ಲಿ ಬೆಕ್ಕಿನ ಮೈಯೂ ತೂರುತ್ತದೆ, ಅದೇ ಲೆಕ್ಕ. ಕೆಳಗಿನ ಎರಡು ಅಡಿಗೆ ಮಾತ್ರ ಅರ್ಧ ಇಂಚಿನದು ಹಾಕಿಸಿ. ಮರಿ ಹಾವು, ತೀರ ಸಣಕಲು ಹಾವು ಬಿಟ್ಟರೆ ಉಳಿದವು ಅಲ್ಲಿಂದ ನುಗ್ಗುವುದು ಕಷ್ಟ. ಹೊರಗಾದರೆ ಹಾವು ಕಂಡ ಬೆಕ್ಕಿಗೆ ಓಡಲು ದಾರಿ ಇರುತ್ತದೆ, ಗೂಡಿನೊಳಗೆ ಅದಿಲ್ಲ.

ಮೇಲೆ ಶೀಟಿದೆ ಅಂತ ಸುಮ್ನೆ ಬಿಡಬೇಡಿ. ಗೋಡೆಯ ತಲೆಗೂ ಮಾಡಿಗೂ ನಡುವಿನ ಸಂದಿ ಮುಚ್ಚಲೇಬೇಕು. ಹೆಂಚಿನ ಮಾಡಾದರೆ ಒಳಗಿನಿಂದಲೂ ಜಾಲರಿ ಬೇಕು, ಹೆಂಚು ಸರಿಸಿ ಹೋಗುವ ಬೆಕ್ಕು ನೋಡಿದ್ದೇನೆ. ಬಾಗಿಲು ಎರಡು ಮಾಡಿಸಿ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಂದು ಹಾಕಿದ ಮೇಲೇ ಇನ್ನೊಂದು ತೆಗೆಯಬೇಕು. ಕಾಡಂಚಿನ ಮನೆಯವರು ಕತ್ತಲಾಗುವ ಮೊದಲೇ ಬೆಕ್ಕನ್ನು ಮನೆಯೊಳಗೆ ತನ್ನಿ. ಚಿರತೆಗೆ ಈ ಜಾಲರಿಯೆಲ್ಲ ಲೆಕ್ಕಕ್ಕಿಲ್ಲ.

ಹಲಗೆಗೆ ಅಡಿಕೆ ದಬ್ಬೆ ಚೆನ್ನಾಗಿ ಆಗುತ್ತದೆ. ಒಂದಡಿ ಅಗಲ, ಏಣಿಯ ಹಾಗೆ ಮೇಲೆ ಕೆಳಗೆ. ಬೆಕ್ಕಿಗೆ ನೆಲದ ಅಳತೆಗಿಂತ ಎತ್ತರ ಮುಖ್ಯ. ಮೇಲಿನ ಹಲಗೆಗೂ ಶೀಟಿಗೂ ಒಂದೂವರೆ ಅಡಿ ಅಂತರ ಇರಲಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಬೆನ್ನು ಸುಡುತ್ತದೆ. ಒರಲೆ ಹತ್ತಬಾರದು ಅಂತ ದಬ್ಬೆಗೆ ಹಳೇ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಬೆಕ್ಕು ಮೈಗೆ ಅಂಟಿದ್ದನ್ನೆಲ್ಲ ನೆಕ್ಕುತ್ತದೆ. ನೆಲಕ್ಕೆ ಫಿನೈಲ್ ಬೇಡ ಅನ್ನುವುದೂ ಅದಕ್ಕೇ. ಉಣುಗಿಗೆ ಅಂತ ನಾಯಿಗೋ ದನಕ್ಕೋ ತಂದ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ವಿಷ ಇದ್ದರೆ ಬೆಕ್ಕು ನಡುಗಿ ನಡುಗಿ ಸಾಯಬಹುದು.

ಟ್ರೇ ಬೆಕ್ಕಿಗೊಂದರಂತೆ, ಮೇಲೊಂದು ಜಾಸ್ತಿ. ಹೇಲನ್ನು ದಿನಾ ತೆಗೆಯಿರಿ. ಅದರಲ್ಲಿ ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಇದ್ದರೂ ಅಂಟುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಬೇಕು. ಬಸುರಿಯರಿಗೆ ಈ ಕೆಲಸ ಬೇಡ. ಗೂಡಿನಲ್ಲೇ ಇರುತ್ತದೆ ಅಂತ ರೇಬೀಸ್ ಲಸಿಕೆ ತಪ್ಪಿಸಬೇಡಿ.

ಕೊನೆಗೆ, ಹೊಸ ಗೂಡಿಗೆ ಬಿಡುವ ದಿನ ಹಿತ್ತಲಿನ ಕುಪ್ಪಿಗಿಡ ಒಂದನ್ನು ಬೇರು ಸಮೇತ ಕಿತ್ತು ಹಲಗೆ ಮೇಲಿಡಿ. ಆ ಬೇರಿನ ವಾಸನೆಗೆ ಎಷ್ಟೋ ಬೆಕ್ಕುಗಳು ಹೊರಳಾಡುತ್ತವೆ. ನಮ್ಮ ಚುಕ್ಕಿ ಮಾತ್ರ ಒಮ್ಮೆ ಮೂಸಿ, ನನ್ನ ಮುಖ ನೋಡಿ, ಗೋಡೆ ಕಡೆ ಹೋಗಿ ಮಲಗಿತು.