ಲೋನ್ ಬೇಡ ಅಂದಿದ್ದು ಮ್ಯಾನೇಜರಾ, ಮಷೀನಾ?

ಪ್ರಶ್ನೆ: ಬ್ಯಾಂಕಿನ ಆ್ಯಪ್‌ನಲ್ಲಿ ಪರ್ಸನಲ್ ಲೋನ್‌ಗೆ ಅರ್ಜಿ ಹಾಕಿದ್ದೆ. ಎರಡೇ ನಿಮಿಷದಲ್ಲಿ ‘ಸದ್ಯಕ್ಕೆ ನೀವು ಅರ್ಹರಲ್ಲ’ ಅಂತ ಬಂತು. ಅಷ್ಟರಲ್ಲಿ ಯಾರು ತಾನೇ ನನ್ನ ಕಾಗದಪತ್ರ ನೋಡಿರುತ್ತಾರೆ? ಎಐ ತೀರ್ಮಾನ ಮಾಡಿದ್ದರೆ ಬ್ಯಾಂಕ್ ಅದನ್ನು ನನಗೆ ಹೇಳಬೇಕಲ್ವಾ?

ಉತ್ತರ: ನಿಮ್ಮ ಗುಮಾನಿ ಸರಿ, ಎರಡು ನಿಮಿಷದಲ್ಲಿ ಯಾರೂ ನೋಡಿರುವುದಿಲ್ಲ. ಹಾಗಂತ ನೋಡಿದ್ದು ಎಐ ಅಂತಲೂ ಹೇಳಲಾಗದು. ಎಷ್ಟೋ ಕಡೆ ಒಳಗಿರುವುದು ಸಾದಾ ಲೆಕ್ಕ. ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸಿದ ಚರಿತ್ರೆಗೆ ಕೊಡುವ ಅಂಕ, ಇಷ್ಟಕ್ಕಿಂತ ಕಮ್ಮಿಯಾ, ಬೇಡ. ಸಂಬಳದಲ್ಲಿ ಇಷ್ಟು ಪಾಲು ಆಗಲೇ ಇಎಂಐಗೆ ಹೋಗುತ್ತಿದೆಯಾ, ಬೇಡ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ಸಮಿತಿಯೊಂದು 2025ರ ಆಗಸ್ಟ್‌ನಲ್ಲಿ ಎಐ ಬಗ್ಗೆ ವರದಿ ಕೊಟ್ಟಿತು. ಐಐಟಿ ಬಾಂಬೆಯ ಪುಷ್ಪಕ್ ಭಟ್ಟಾಚಾರ್ಯ ಅದರ ಅಧ್ಯಕ್ಷರು. ಬ್ಯಾಂಕ್, ಫೈನಾನ್ಸ್ ಕಂಪನಿ ಸೇರಿ 612 ಸಂಸ್ಥೆಗಳನ್ನು ವಿಚಾರಿಸಿದಾಗ ಎಐ ಬಳಸುತ್ತಿದ್ದವು ಅಥವಾ ತಯಾರು ಮಾಡಿಕೊಳ್ಳುತ್ತಿದ್ದವು 127 ಮಾತ್ರ. ಅದರಲ್ಲೂ ಸರಳ ಸಿಸ್ಟಮ್‌ಗಳೇ ಜಾಸ್ತಿ.

ಎಐ ಬಳಕೆಯ ವಿವರವನ್ನು ವಾರ್ಷಿಕ ವರದಿಯಲ್ಲಿ ಬಹಿರಂಗ ಮಾಡಬೇಕು, ತೀರ್ಮಾನ ಏಕೆ ಹಾಗಾಯಿತು ಅಂತ ಅರ್ಥವಾಗುವಂತಿರಬೇಕು ಅಂತೆಲ್ಲ ಆ ಸಮಿತಿ ಹೇಳಿದೆ. ಒಳ್ಳೆಯ ಮಾತೇ. ಆದರೆ ಅದು ಶಿಫಾರಸು, ಅದನ್ನು ಹಿಡಿದುಕೊಂಡು ನೀವು ಕೌಂಟರ್ ಮುಂದೆ ಜಗಳ ಆಡಲಾಗದು.

ಜಗಳಕ್ಕೆ ಬೇಕಾದ ನಿಯಮ ಬೇರೆಯದೇ ಇದೆ, ಅದೂ ಹಳೆಯದು. ಸಾಲ ನಿರಾಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2003ರಲ್ಲೇ ಬ್ಯಾಂಕ್‌ಗಳಿಗೆ ಹೇಳಿತ್ತು. ಆಗ ಅದು 2 ಲಕ್ಷದವರೆಗಿನ ಸಾಲಕ್ಕೆ ಮಾತ್ರ. 2007ರಲ್ಲಿ ಮಿತಿ ತೆಗೆದು, ಕ್ರೆಡಿಟ್ ಕಾರ್ಡ್ ಅರ್ಜಿಯನ್ನೂ ಸೇರಿಸಿತು. ತೀರ್ಮಾನ ಮಾಡಿದ್ದು ಮ್ಯಾನೇಜರೋ ಮಷೀನೋ, ಕಾರಣ ಕೊಡಬೇಕಾದ್ದು ಬ್ಯಾಂಕೇ.

ನಮ್ಮ ಭಾವನ ಕಥೆ ಕೇಳಿ. ಬೈಕ್ ಲೋನ್ ಸಿಗಲಿಲ್ಲ. ಬ್ರಾಂಚಿಗೆ ಹೋದರೆ ‘ಸಿಸ್ಟಮ್ ರಿಜೆಕ್ಟ್ ಮಾಡಿದೆ ಸಾರ್, ನಮ್ಮ ಕೈಲಿಲ್ಲ’. ಕಾರಣ ಬರೆದುಕೊಡಿ ಅಂತ ಮೇಲ್ ಹಾಕಿಸಿದೆ. ಒಂಬತ್ತು ದಿನ ಬಿಟ್ಟು ಒಂದೇ ಸಾಲಿನ ಉತ್ತರ: ಹಳೆಯ ಸಾಲದಲ್ಲಿ ಬಾಕಿ ಇದೆ. ಕ್ರೆಡಿಟ್ ರಿಪೋರ್ಟ್, ಅಂದರೆ ಅವನ ಸಾಲ-ಕಂತುಗಳ ದಾಖಲೆ, ತೆಗೆದು ನೋಡಿದರೆ, ಯಾವತ್ತೋ ತೀರಿಸಿದ್ದ ಫ್ರಿಜ್‌ನ ಇಎಂಐ ಹೆಸರಲ್ಲಿ 340 ರೂಪಾಯಿ ನೇತಾಡುತ್ತಿತ್ತು! ಸಾಲ ತೀರಿದೆ ಅಂತ ಕೊಟ್ಟಿದ್ದ ಪತ್ರ (ಎನ್‌ಒಸಿ) ಬೀರುವಿನಲ್ಲೇ ಇತ್ತು. ಎಷ್ಟೇ ಬುದ್ಧಿವಂತ ಎಐ ತಂದು ಕೂರಿಸಿದರೂ ಆ ಫ್ರಿಜ್ ಸಾಲ ತೀರಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಮೊದಲು ರಿಪೋರ್ಟ್ ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ದೂರು ಹಾಕಿ. 30 ದಿನದಲ್ಲಿ ಬಗೆಹರಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು.

ಬ್ಯಾಂಕ್ ಎಲ್ಲವನ್ನೂ ಬಿಚ್ಚಿಡಲಿ ಅಂತಲೂ ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ‘ಮ್ಯೂಲ್‌ಹಂಟರ್’ ಅನ್ನುವ ಎಐ ಮಾಡಿದೆ. ಕದ್ದ ದುಡ್ಡು ಸಾಗಿಸಲು ಬಳಸುವ ಬೇನಾಮಿ ಖಾತೆಗಳನ್ನು ಅದು ಹುಡುಕುತ್ತದೆ. ಹೇಗೆ ಹುಡುಕುತ್ತದೆ ಅಂತ ಊರಿಗೆಲ್ಲ ಸಾರಿದರೆ ಕಳ್ಳರಿಗೇ ಅನುಕೂಲ. ಸಾಲದ ಅರ್ಜಿಗೆ ಆ ನೆಪ ಸಲ್ಲದು. ನನ್ನ ಸಂಬಳ, ನನ್ನ ಕಂತು, ಇದರಲ್ಲಿ ಮುಚ್ಚಿಡಲು ಏನಿದೆ?

ಮೇಲ್‌ನಲ್ಲಿ ಅರ್ಜಿ ನಂಬರ್, ತಾರೀಖು ಹಾಕಿ, ‘ಮುಖ್ಯ ಕಾರಣ ಬರಹದಲ್ಲಿ ಕೊಡಿ’ ಅಂತ ಕೇಳಿ. ಎಐ ಬಳಸಿದ್ದೀರಾ ಅಂತಲೂ ಸುಮ್ನೆ ಒಂದು ಸಾಲು ಸೇರಿಸಿ, ಕೇಳಿದರೆ ನಷ್ಟವೇನಿಲ್ಲ. 30 ದಿನ ಕಳೆದರೂ ಉತ್ತರ ಬರದಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅಂದಹಾಗೆ, ಆ್ಯಪ್‌ನಲ್ಲಿ ಬಂದ ಆ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೀರಾ? ಇಲ್ಲದಿದ್ದರೆ ಅದು ಮಾಯವಾಗುವ ಮೊದಲೇ ತೆಗೆದಿಡಿ.