ಡೀಸೆಲ್ ಫಿಲ್ಟರ್ ಎಷ್ಟು ಕಿಲೋಮೀಟರ್‌ಗೆ ಬದಲಾಯಿಸಬೇಕು? ಗಾಳಿ ಹೊಡೆಸಿದರೆ ನಡೆಯಲ್ವಾ?

ಪ್ರಶ್ನೆ: ನಮ್ಮದು ಹತ್ತು ಚಕ್ರದ ಲಾರಿ. ಡೀಸೆಲ್ ಫಿಲ್ಟರ್ ಎಷ್ಟು ಕಿಲೋಮೀಟರ್‌ಗೆ ಒಮ್ಮೆ ಹೊಸದು ಹಾಕಬೇಕು? ನಡುವೆ ಒಂದೆರಡು ಸಲ ಗಾಳಿ ಹೊಡೆಸಿ ಓಡಿಸಬಹುದು ಅಂತಾರೆ, ನಿಜಾನಾ?

ಈ ಪ್ರಶ್ನೆಗೆ ಬರೆದು ಬರೆದು ಕೈ ಸೋತಿದೆ. ಆದರೂ ಮಳೆಗಾಲ ಶುರುವಾದ ಕೂಡಲೇ ಮತ್ತೆ ಬರುತ್ತದೆ. ಆಗಲಿ, ಇನ್ನೊಂದು ಸಲ.

ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಏನಿದೆಯೋ ಅದೇ ಲೆಕ್ಕ. ಪುಸ್ತಕ ಕಳೆದಿದ್ದರೆ ಡೀಲರ್‌ಗೆ ಚಾಸಿಸ್ ನಂಬರ್ ಕೊಟ್ಟು ಕೇಳಿ, ಹೇಳುತ್ತಾರೆ. ಅದೂ ಆಗದಿದ್ದರೆ ಹಳೇ ಮೆಕ್ಯಾನಿಕಲ್ ಪಂಪಿನ ಲಾರಿಗೆ 15ರಿಂದ 20 ಸಾವಿರ ಕಿ.ಮೀ. ಅಂತ ಇಟ್ಟುಕೊಳ್ಳಿ. ಕಾಮನ್ ರೈಲ್ (ಎಲ್ಲ ಸಿಲಿಂಡರ್‌ಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ವ್ಯವಸ್ಥೆ) ಇರುವ, ಬಿಎಸ್ 4, ಬಿಎಸ್ 6 ಹೊಗೆ ನಿಯಮದ ಗಾಡಿಗಳಲ್ಲಿ ಮಾಡೆಲ್ ನೋಡಿಕೊಂಡು 20ರಿಂದ 40 ಸಾವಿರ. ಬರೀ ಹೈವೇಯಲ್ಲೇ ಓಡುವ ದೊಡ್ಡ ಗಾಡಿಗಳಿಗೆ ಇನ್ನೂ ಜಾಸ್ತಿ ಕೊಟ್ಟಿರುತ್ತಾರೆ. ಎರಡು ಫಿಲ್ಟರ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ, ಒಂದು ಹೊಸದು ಒಂದು ಹಳೇದು ಅಂತ ಉಳಿತಾಯ ಮಾಡಬೇಡಿ.

ಟಿಪ್ಪರ್‌ನವರು ಮಾತ್ರ ಕಿಲೋಮೀಟರ್ ನಂಬಬಾರದು. ಹೈವೇಯಲ್ಲಿ ಗಂಟೆಗೆ 40ರ ಸರಾಸರಿಯಲ್ಲಿ 500 ಗಂಟೆ ಓಡಿದರೆ ಮೀಟರ್‌ನಲ್ಲಿ 20 ಸಾವಿರ ಬರುತ್ತೆ. ಅದೇ 500 ಗಂಟೆ ಕ್ವಾರಿಯೊಳಗೆ ಲೋಡಿಗೆ ಕಾಯುತ್ತಾ, ಗಂಟೆಗೆ 10ರ ಸರಾಸರಿಯಲ್ಲಿ ಓಡಿದರೆ ಬರೋದು 5 ಸಾವಿರ. ಎಂಜಿನ್ ಓಡಿದ ಹೊತ್ತು ಒಂದೇ ಅಲ್ವಾ? ಸಂಡೂರಿನ ಗಣಿ ಧೂಳಿನಲ್ಲಿ ಓಡುವ, ಬ್ಯಾರಲ್‌ನಿಂದ ಪೈಪ್ ಹಾಕಿ ಡೀಸೆಲ್ ಎಳೆದುಕೊಳ್ಳುವ ಗಾಡಿಗೆ ಗಂಟೆ ಲೆಕ್ಕವೇ ಸರಿ, ಅದರಲ್ಲೂ ಸ್ವಲ್ಪ ಮುಂಚೆಯೇ ಬದಲಾಯಿಸಿದರೆ ಒಳ್ಳೇದು.

ಇನ್ನು ಆ ಗಾಳಿ ಹೊಡೆಸುವ ವಿಷಯ.

ಇದು ಸುಮ್ನೆ ಹುಟ್ಟಿದ ಮಾತಲ್ಲ. ಹಳೇ ಲಾರಿಗಳಲ್ಲಿ ಜೋಡಿ ಫಿಲ್ಟರ್ ಇರುತ್ತಿತ್ತು, ಅದರಲ್ಲಿ ಮೊದಲನೆಯದು ಬಟ್ಟೆಯದು. ಅದನ್ನು ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಹಾಕುತ್ತಿದ್ದರು, ಅದು ತಪ್ಪೂ ಅಲ್ಲ. ಎರಡನೆಯದು ಕಾಗದದ್ದು, ಅದನ್ನು ಆಗಲೂ ತೊಳೆಯುವ ಹಾಗಿರಲಿಲ್ಲ. ಆದರೆ ಅಷ್ಟು ವಿಂಗಡಣೆ ಯಾರಿಗೆ ಬೇಕು? ತೊಳೆಯಬಹುದು ಅನ್ನೋದೊಂದೇ ಗುರುವಿನಿಂದ ಶಿಷ್ಯನಿಗೆ ಬಂತು. ಬೆಂಗಳೂರಿನ ಆಡುಗೋಡಿಯ ಮೈಕೋ ಫ್ಯಾಕ್ಟರಿಯ ಡೀಸೆಲ್ ಪಂಪುಗಳ ಕಾಲದಲ್ಲಿ ಇದು ನಡೆದೂ ಹೋಯಿತು, ಯಾಕೆಂದರೆ ಪಂಪ್ ಸವೆದರೆ ಊರಿಗೊಂದು ಪಂಪ್-ನಾಝಲ್ ಅಂಗಡಿ ಇತ್ತು, ಬೈಗುಳವೆಲ್ಲಾ ಬಂಕಿನವನು ಸೀಮೆಎಣ್ಣೆ ಬೆರೆಸಿದ ಅಂತ ಬಂಕಿನವನ ತಲೆಗೆ ಹೋಗುತ್ತಿತ್ತು. ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿತು. ಈ ಮಾತು ಮಾತ್ರ ಬದಲಾಗಲಿಲ್ಲ.

ಗಾಳಿ ಹೊಡೆಸಿದವರು ಕೊಡುವ ಸಾಕ್ಷಿ ಒಂದೇ: "ಹೊಡೆಸಿದ ಮೇಲೆ ಪಿಕಪ್ ಬಂತು ಸಾರ್, ಶಿರಾಡಿ ಘಾಟ್ ಮೂರನೇ ಗೇರಲ್ಲೇ ಹತ್ತಿತು." ಹತ್ತಿರಬಹುದು, ನಾನು ಇಲ್ಲ ಅನ್ನುತ್ತಿಲ್ಲ. ಯಾಕೆ ಹತ್ತಿತು ಅಂತ ಯೋಚಿಸಿ. ಟೈರ್ ಅಂಗಡಿಯ ಕಂಪ್ರೆಸರ್ ಲಾರಿ ಟೈರಿಗೆ ಗಾಳಿ ತುಂಬುವಂಥದ್ದು, 100 ಪಿಎಸ್‌ಐ ಮೇಲೆಯೇ ಇರುತ್ತೆ. ಅದನ್ನು ತಂದು ಮಡಿಕೆ ಮಡಿಕೆಯಾಗಿ ಜೋಡಿಸಿದ ತೆಳು ಕಾಗದದ ಮೇಲೆ ಬಿಟ್ಟರೆ ಮಡಿಕೆಯ ಅಂಚು ಬಿರಿಯುತ್ತೆ, ರಂಧ್ರ ಅಗಲವಾಗುತ್ತೆ. ಡೀಸೆಲ್ ಸಲೀಸಾಗಿ ಹರಿಯುತ್ತೆ, ಎಳೆತ ವಾಪಸ್ ಬರುತ್ತೆ. ಅಂದರೆ ಫಿಲ್ಟರ್ ಸರಿಹೋಗಿದ್ದರಿಂದ ಬಂದ ಪಿಕಪ್ ಅಲ್ಲ ಅದು, ಫಿಲ್ಟರ್ ಸೋಸುವುದನ್ನೇ ಬಿಟ್ಟಿದ್ದರಿಂದ ಬಂದದ್ದು! ಫಿಲ್ಟರ್ ಕಿತ್ತು ಬಿಸಾಕಿ ಖಾಲಿ ಪೈಪ್ ಜೋಡಿಸಿದರೆ ಇನ್ನೂ ಚೆನ್ನಾಗಿ ಎಳೆಯುತ್ತೆ, ಸ್ವಲ್ಪ ದಿನ.

"ಇಲ್ಲ ಸಾರ್, ಬಿಸಿಲಿಗೆ ಹಿಡಿದು ನೋಡಿದೆ, ಎಲ್ಲೂ ತೂತಿಲ್ಲ" ಅಂತಾರೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಬರೀ ಕಣ್ಣಿಗೆ 40 ಮೈಕ್ರಾನ್‌ಗಿಂತ ಚಿಕ್ಕದು ಕಾಣುವುದು ಕಷ್ಟ. ಕಾಮನ್ ರೈಲ್ ಗಾಡಿಯ ಫಿಲ್ಟರ್ ಹಿಡಿಯಬೇಕಾದದ್ದು 5 ಮೈಕ್ರಾನ್ ಆಸುಪಾಸಿನ ಕಣ. ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಒಳಗೆ ಒಂದಕ್ಕೊಂದು ಉಜ್ಜಿಕೊಂಡು ಓಡಾಡುವ ಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ, ಅದರಲ್ಲಿ ಡೀಸೆಲ್ 1,600 ಬಾರ್ (ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ) ಮೇಲಿನ ಒತ್ತಡದಲ್ಲಿ ನುಗ್ಗುತ್ತಿರುತ್ತೆ. ಅಷ್ಟು ರಭಸದಲ್ಲಿ ಹೋಗುವ ಧೂಳು ಉಕ್ಕನ್ನೇ ಕೊರೆಯುತ್ತೆ. ನೀವು ಬಿಸಿಲಿಗೆ ಹಿಡಿದು ನೋಡಿದ್ದರಿಂದ ಗೊತ್ತಾಗಿದ್ದು ಏನೂ ಇಲ್ಲ.

ಇನ್ನೂ ಒಂದಿದೆ. ಈಗಿನವು ಮುಚ್ಚಿದ ಡಬ್ಬಿ ಫಿಲ್ಟರ್‌ಗಳು. ಸುತ್ತಲಿನ ಸಣ್ಣ ತೂತುಗಳಿಂದ ಡೀಸೆಲ್ ಒಳಗೆ ಹೋಗುತ್ತೆ, ಕಾಗದ ದಾಟಿ ನಡುವಿನ ದೊಡ್ಡ ತೂತಿನಿಂದ ಹೊರಗೆ ಬರುತ್ತೆ. ಹುಡುಗ ಯಾವ ತೂತಿಗೆ ಗಾಳಿ ಹಿಡಿದ ಅಂತ ಯಾರು ನೋಡಿದವರು? ಸುತ್ತಲಿಂದ ಹೊಡೆದರೆ ಇಷ್ಟು ದಿನ ಹಿಡಿದಿಟ್ಟ ಕಸವನ್ನು ನೀವೇ ತಳ್ಳಿ ಎಂಜಿನ್ ಕಡೆ ಕಳಿಸಿದ ಹಾಗಾಯಿತು. ಪೆಟ್ರೋಲ್‌ನಲ್ಲೋ ಸೋಪಿನ ನೀರಿನಲ್ಲೋ ಅದ್ದಿ ತೆಗೆಯುವ ಪ್ರಚಂಡರೂ ಇದ್ದಾರೆ. ನೀರು ದಾಟದಿರಲಿ ಅಂತ ಕಾಗದಕ್ಕೆ ಕೊಟ್ಟ ಲೇಪ ಅದರಲ್ಲಿ ಹಾಳಾಗುತ್ತೆ, ರಬ್ಬರ್ ವಾಷರ್ ಉಬ್ಬುತ್ತೆ. ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಹಳೇ ಫಿಲ್ಟರನ್ನು ಗರಗಸದಿಂದ ಕೊಯ್ದು ಕಾಗದ ಬಿಡಿಸಿ ನೋಡಿ. ಮಡಿಕೆ ಬುಡದಲ್ಲಿ ಕಪ್ಪು ಜಿಡ್ಡು ಕೂತಿರುತ್ತೆ, ಬೆರಳಿಂದ ಉಜ್ಜಿದರೂ ಬಿಡುವುದಿಲ್ಲ. ಅದು ಗಾಳಿಗೆ ಹಾರುತ್ತಾ, ನೀವೇ ಹೇಳಿ.

ಫಿಲ್ಟರ್ ಸೆಟ್ಟಿಗೆ ನೂರರ, ಹೆಚ್ಚೆಂದರೆ ಸಾವಿರದ ಲೆಕ್ಕ. ಒಂದು ಇಂಜೆಕ್ಟರ್‌ಗೆ ಹತ್ತಾರು ಸಾವಿರ, ಆರು ಸಿಲಿಂಡರ್ ಗಾಡಿಗೆ ಆರು ಬೇಕು.

ಪಿಕಪ್ ಕಮ್ಮಿ ಆದಾಗ ಬದಲಾಯಿಸಿದರೆ ಸಾಕು ಅನ್ನೋರಿಗೂ ಒಂದು ಮಾತು. ಕಟ್ಟಿಕೊಂಡ ಫಿಲ್ಟರ್ ಪಿಕಪ್ ಇಳಿಸಿ ಹೇಳುತ್ತೆ. ಹರಿದ ಫಿಲ್ಟರ್ ಏನೂ ಹೇಳಲ್ಲ. ನೀರು ನಿಂತಿದ್ದರೂ ಅಷ್ಟೇ. ಮಳೆಗಾಲದಲ್ಲಿ, ಅರ್ಧ ಟ್ಯಾಂಕ್ ಇಟ್ಟು ರಾತ್ರಿ ನಿಲ್ಲಿಸುವ ಮಲೆನಾಡಿನ ಕಡೆ, ಟ್ಯಾಂಕ್ ಒಳಗೇ ಹನಿ ಕಟ್ಟುತ್ತೆ. ನೀರಿನ ದೀಪ ಹತ್ತುವವರೆಗೂ ಕಾಯಬೇಡಿ. ವಾರಕ್ಕೊಮ್ಮೆ ಬೆಳಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ಪಾರದರ್ಶಕ ಬಾಟಲಿಗೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಫಿಲ್ಟರ್ ಬದಲಾಯಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗ್ತಿಲ್ಲ ಅನ್ನೋದೇ ನಿಮ್ಮ ಮುಂದಿನ ಪ್ರಶ್ನೆ. ಬೇಗ ಸ್ಟಾರ್ಟ್ ಆಗಲಿ ಅಂತ ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ತುಂಬಿ ಹಾಕುವ ಅಭ್ಯಾಸ ಬಿಡಿ. ನಡುವಿನ ತೂತಿಗೆ ಸುರಿದ ಡೀಸೆಲ್ ಸೋಸದೇ ನೇರ ಪಂಪಿಗೆ ಹೋಗುತ್ತೆ. ಒಣಗಿದ್ದನ್ನೇ ಕೂರಿಸಿ, ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಹತ್ತಿರ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆಯಿರಿ. ಆಗಲೂ ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಕೊಲ್ಲಬೇಡಿ, ಮತ್ತೆ ಪಂಪ್ ಒತ್ತಿ.

ಹಳೇ ಗಾಡಿಯಲ್ಲಿ ಮಾಡುತ್ತಿದ್ದ ಹಾಗೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವುದಂತೂ ಕಾಮನ್ ರೈಲ್‌ನಲ್ಲಿ ಬೇಡವೇ ಬೇಡ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತೆ, ಮೊದಲಿಗೆ ನೋವೂ ಜಾಸ್ತಿ ಇರುವುದಿಲ್ಲ. ನಾಳೆ ನೋಡೋಣ ಅಂತ ಅರಿಶಿನ ಹಚ್ಚಿಕೊಂಡು ಮಲಗಿದರೆ ಬೆರಳು ಕಳೆದುಕೊಳ್ಳಬೇಕಾದೀತು. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಗಾಯ ಚಿಕ್ಕದಿದ್ದರೂ ಒಳಗೆ ಡೀಸೆಲ್ ಹೋಗಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.