ಲಾಭದ ಲೆಕ್ಕದಲ್ಲಿ ಕಾರ್ಮಿಕರ ಸಾಲು: ಬೋನಸ್ ಹಕ್ಕು ನಡೆದು ಬಂದ ದಾರಿ

ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಮಧ್ಯಾಹ್ನಕ್ಕೇ ಯಂತ್ರಗಳು ನಿಲ್ಲುತ್ತವೆ. ಲೇತಿನ ಕೆಳಗೆ ಸುರುಳಿಯಾಗಿ ಬಿದ್ದ ಉಕ್ಕಿನ ಚೂರುಗಳನ್ನು ಗುಡಿಸಿ, ವರ್ಷವಿಡೀ ಅಂಟಿಕೊಂಡ ಎಣ್ಣೆಯ ಜಿಡ್ಡನ್ನು ಒರೆಸಿ, ಬಾಗಿಲಿಗೆ ಬಾಳೆಕಂದು ಕಟ್ಟಿ, ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಪೂಜೆ ಮುಗಿದು ಬೂದುಗುಂಬಳಕಾಯಿ ಒಡೆದ ಮೇಲೆ ಕಡ್ಲೆಪುರಿ ಮತ್ತು ಸಿಹಿಯ ಪೊಟ್ಟಣದ ಜೊತೆಗೆ ಒಂದು ಲಕೋಟೆಯೂ ಕೈಸೇರುತ್ತದೆ. ಕೊಡುವವರಲ್ಲಿ ಅನೇಕರು ಅದನ್ನು ಹಬ್ಬದ ಇನಾಮು ಎಂದೇ ಭಾವಿಸುತ್ತಾರೆ. ಪಡೆಯುವವರಲ್ಲಿಯೂ ಅನೇಕರು ಹಾಗೆಯೇ ಭಾವಿಸಿ ಕೈಮುಗಿಯುತ್ತಾರೆ. ಆದರೆ ಆ ಲಕೋಟೆಯಲ್ಲಿರುವುದು ಇನಾಮಲ್ಲ ಎಂದು ಈ ದೇಶದ ನ್ಯಾಯಾಲಯಗಳು ಹೇಳಿ ಎಪ್ಪತ್ತು ವರ್ಷಗಳ ಮೇಲಾಗಿದೆ. ಒಂದು ವರ್ಷದ ದುಡಿಮೆಯಿಂದ ಹುಟ್ಟಿದ ಲಾಭದಲ್ಲಿ ಬಂಡವಾಳ ಹೂಡಿದವರ ಪಾಲೆಷ್ಟು, ಮೈಮುರಿದು ದುಡಿದವರ ಪಾಲೆಷ್ಟು ಎಂಬ ಪ್ರಶ್ನೆಗೆ ಭಾರತ ಕೊಟ್ಟುಕೊಂಡ ಉತ್ತರವೇ ಬೋನಸ್. ಆ ಉತ್ತರದಲ್ಲಿ ಮೊದಲಿನಿಂದಲೂ ಒಂದು ಓರೆಯಿದೆ: ಮಾಲೀಕರ ಪ್ರತಿಫಲವನ್ನು ಲೆಕ್ಕದ ಮೇಲಿನ ಸಾಲಿನಲ್ಲಿ, ಖರ್ಚಿನಂತೆ ಬರೆಯಲಾಗುತ್ತದೆ, ಕಾರ್ಮಿಕರ ಪಾಲನ್ನು ಕೆಳಗಿನ ಸಾಲಿನಲ್ಲಿ, ಉಳಿದದ್ದರಲ್ಲಿ ಹುಡುಕಲಾಗುತ್ತದೆ.

ಬೋನಸ್ ಹುಟ್ಟಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಯುದ್ಧದಿಂದ ಬಟ್ಟೆಗೆ ಬೇಡಿಕೆ ಏರಿ ಗಿರಣಿಗಳು ಲಾಭ ಕಂಡವು. ಅದೇ ಯುದ್ಧದಿಂದ ದವಸಧಾನ್ಯದ ಬೆಲೆಯೂ ಏರಿ ಕಾರ್ಮಿಕರ ಹೊಟ್ಟೆಗೆ ಹೊಡೆತ ಬಿತ್ತು. 1917ರಲ್ಲಿ ಕೆಲವು ಬಟ್ಟೆ ಗಿರಣಿಗಳು ಸಂಬಳದ ಶೇ. 10ರಷ್ಟು ಹಣವನ್ನು ಯುದ್ಧದ ಬೋನಸ್ ಎಂದು ಕೊಟ್ಟವು. ಅದೇ ವರ್ಷ ಅಹಮದಾಬಾದಿನಲ್ಲಿ ಪ್ಲೇಗ್ ಹಬ್ಬಿದಾಗ, ಊರು ಬಿಟ್ಟು ಓಡಬಹುದಾದ ನೇಕಾರರನ್ನು ಹಿಡಿದಿಟ್ಟುಕೊಳ್ಳಲು ಗಿರಣಿ ಮಾಲೀಕರು ದೊಡ್ಡ ಮೊತ್ತದ ಪ್ಲೇಗ್ ಬೋನಸ್ ಕೊಟ್ಟರು. ಪ್ಲೇಗ್ ಇಳಿಯಿತು, ಬೆಲೆಗಳು ಇಳಿಯಲಿಲ್ಲ. 1918ರ ಆರಂಭದಲ್ಲಿ ಮಾಲೀಕರು ಬೋನಸ್ ನಿಲ್ಲಿಸಲು ಹೊರಟಾಗ ಕಾರ್ಮಿಕರು ಅದರ ಬದಲಿಗೆ ಸಂಬಳದಲ್ಲಿ ಶೇ. 50ರ ಏರಿಕೆ ಕೇಳಿದರು, ಮಾಲೀಕರು ಶೇ. 20ಕ್ಕಿಂತ ಮೇಲೆ ಹೋಗಲು ಒಪ್ಪಲಿಲ್ಲ. ಗಾಂಧೀಜಿ ಲೆಕ್ಕ ಹಾಕಿ ಶೇ. 35 ನ್ಯಾಯವೆಂದರು. ಮಾಲೀಕರ ಮುಂದಾಳುಗಳಲ್ಲಿ ಒಬ್ಬರಾಗಿದ್ದವರು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರವಾಗಿ ಕೇರಿಕೇರಿ ಸುತ್ತುತ್ತಿದ್ದವರು ಅವರ ಸ್ವಂತ ಅಕ್ಕ ಅನಸೂಯಾ. ಸಾಬರಮತಿ ದಂಡೆಯ ಜಾಲಿ ಮರದ ಕೆಳಗೆ ದಿನವೂ ಸೇರುತ್ತಿದ್ದ ಸಾವಿರಾರು ಜನರ ಹಸಿವು ಹೆಚ್ಚಿ ಧೈರ್ಯ ಕುಗ್ಗತೊಡಗಿದಾಗ, ಮಾರ್ಚ್ 15ರಂದು ಗಾಂಧೀಜಿ ಉಪವಾಸಕ್ಕೆ ಕುಳಿತರು. ಮೂರು ದಿನಗಳ ನಂತರ ರಾಜಿಯಾಯಿತು: ಮೊದಲ ದಿನ ಕಾರ್ಮಿಕರ ಪ್ರತಿಜ್ಞೆಯಂತೆ ಶೇ. 35, ಎರಡನೆಯ ದಿನ ಮಾಲೀಕರ ಮಾತಿನಂತೆ ಶೇ. 20, ಮೂರನೆಯ ದಿನದಿಂದ ಪಂಚರ ತೀರ್ಪು ಬರುವವರೆಗೆ ಎರಡರ ನಡುವಿನ ಶೇ. 27.5. ಪಂಚರಾಗಿದ್ದ ಆನಂದಶಂಕರ ಧ್ರುವ ಅವರು ಕೊನೆಗೆ ಶೇ. 35ನ್ನೇ ಎತ್ತಿಹಿಡಿದರು.

ಇದು ಗೆಲುವೇ ಹೌದು, ಆದರೆ ಹಕ್ಕು ಇನ್ನೂ ಹುಟ್ಟಿರಲಿಲ್ಲ. 1924ರಲ್ಲಿ ಮುಂಬಯಿಯಲ್ಲಿ ಅದು ಸ್ಪಷ್ಟವಾಯಿತು. ಕೆಲವು ವರ್ಷ ಸತತವಾಗಿ ಬೋನಸ್ ಕೊಟ್ಟಿದ್ದ ಅಲ್ಲಿನ ಗಿರಣಿಗಳು 1923ರ ಸಾಲಿಗೆ ಕೈಯೆತ್ತಿದಾಗ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಮುಷ್ಕರ ಹೂಡಿದರು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸರ್ ನಾರ್ಮನ್ ಮೆಕ್ಲಾಡ್ ಅವರ ಅಧ್ಯಕ್ಷತೆಯ ಸಮಿತಿ ದಾಖಲೆ ನೋಡಿ, ರೂಢಿಯಿಂದಾಗಲಿ ಕಾನೂನಿನಿಂದಾಗಲಿ ಧರ್ಮನ್ಯಾಯದಿಂದಾಗಲಿ ವರ್ಷವರ್ಷವೂ ಬೋನಸ್ ಕೇಳುವ ಹಕ್ಕು ಕಾರ್ಮಿಕರಿಗೆ ಸಿದ್ಧಿಸಿಲ್ಲವೆಂದು ಹೇಳಿತು. ಕೊಡುವುದು ಮಾಲೀಕರ ಮನಸ್ಸಿಗೆ ಬಿಟ್ಟ ವಿಚಾರವಾಗಿಯೇ ಉಳಿಯಿತು.

ಸ್ವಾತಂತ್ರ್ಯದ ನಂತರ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಸಂವಿಧಾನದ 43ನೇ ವಿಧಿಯು ಕಾರ್ಮಿಕರಿಗೆ ಕೇವಲ ಬದುಕಿರಲು ಸಾಕಾಗುವ ಕೂಲಿಯಲ್ಲ, ಮರ್ಯಾದೆಯಿಂದ ಬಾಳಲು ಸಾಕಾಗುವ ಜೀವನ ವೇತನ ದೊರೆಯಬೇಕೆಂಬ ಗುರಿಯನ್ನು ಸರ್ಕಾರದ ಮುಂದಿಟ್ಟಿತು. ಅದೇ 1950ರಲ್ಲಿ, ಮುಂಬಯಿ ಗಿರಣಿಗಳ 1949ರ ಬೋನಸ್ ವ್ಯಾಜ್ಯವನ್ನು ವಿಚಾರಿಸಿದ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿಯ ಪೂರ್ಣಪೀಠವು, ಲಾಭವು ಬಂಡವಾಳ ಮತ್ತು ದುಡಿಮೆ ಎರಡರಿಂದಲೂ ಹುಟ್ಟುವುದರಿಂದ, ಕೈಗೆ ಬರುವ ಸಂಬಳ ಜೀವನ ವೇತನದ ಮಟ್ಟ ಮುಟ್ಟುವವರೆಗೆ ಆ ಲಾಭದಲ್ಲಿ ಪಾಲು ಕೇಳುವುದು ಕಾರ್ಮಿಕರಿಗೆ ನ್ಯಾಯವಾದದ್ದೇ ಎಂದಿತು. ಸುಪ್ರೀಂ ಕೋರ್ಟ್ ಕೂಡ 1955ರಲ್ಲಿ ಕಾನ್ಪುರದ ಮ್ಯೂರ್ ಮಿಲ್ಸ್ ಪ್ರಕರಣದಲ್ಲಿ ಬೋನಸ್ ಎಂಬುದು ದಾನವಲ್ಲವೆಂದು ಹೇಳಿತು. ಜೊತೆಗೆ ಅದು ಬಾಕಿ ಉಳಿಸಿಕೊಂಡ ಸಂಬಳವೂ ಅಲ್ಲ, ಲಾಭವಿದ್ದರೆ ಮಾತ್ರ ಹುಟ್ಟುವ ಹಕ್ಕು ಎಂದೂ ಹೇಳಿತು.

ಪೂರ್ಣಪೀಠದ ಸೂತ್ರ ಹೇಗಿತ್ತೆಂದರೆ, ಒಟ್ಟು ಲಾಭದಿಂದ ಮೊದಲು ಯಂತ್ರಗಳ ಸವಕಳಿ ಕಳೆಯಬೇಕು, ಹಳೆಯ ಯಂತ್ರಗಳ ಬದಲಿಗೆ ಹೊಸದನ್ನು ತರುವ ನಿಧಿಗೆ ತೆಗೆದಿಡಬೇಕು, ತೆರಿಗೆ ಕಳೆಯಬೇಕು, ಷೇರು ಬಂಡವಾಳಕ್ಕೆ ಶೇ. 6ರ ಪ್ರತಿಫಲ ಕೊಡಬೇಕು, ದುಡಿಯುವ ಬಂಡವಾಳಕ್ಕೆ ಅದಕ್ಕಿಂತ ಕಡಿಮೆ ದರದಲ್ಲಿ ಕೊಡಬೇಕು. ಇಷ್ಟೆಲ್ಲ ಆದ ಮೇಲೆ ಏನಾದರೂ ಉಳಿದರೆ ಅದರಲ್ಲಿ ಕಾರ್ಮಿಕರಿಗೂ ಪಾಲು. ನಾನು ಮೇಲೆ ಹೇಳಿದ ಓರೆ ಹುಟ್ಟಿದ್ದು ಇಲ್ಲಿ. ಹೊಸ ಯಂತ್ರದ ಬೆಲೆಯನ್ನು ಅಂದಾಜು ಮಾಡುವವರು ಆಡಳಿತ ಮಂಡಳಿಯವರೇ ಆದ್ದರಿಂದ, ಆ ಒಂದು ಸಾಲನ್ನು ಹಿಗ್ಗಿಸಿದರೆ ಎಷ್ಟೋ ಕಾರ್ಖಾನೆಗಳಲ್ಲಿ ಕಾರ್ಮಿಕರ ಪಾಲಿಗೆ ಸೊನ್ನೆ ಉಳಿಯುತ್ತಿತ್ತು. ವ್ಯಾಜ್ಯಗಳು ವರ್ಷಗಟ್ಟಲೆ ನಡೆಯುತ್ತಿದ್ದುದು ಈ ಅಂದಾಜಿನ ಸುತ್ತಲೇ.

ಈ ಜಗಳಗಳಿಗೆ ಕೊನೆ ಹಾಡಲೆಂದು ಕೇಂದ್ರ ಸರ್ಕಾರ 1961ರ ಡಿಸೆಂಬರಿನಲ್ಲಿ ಎಂ. ಆರ್. ಮೆಹೆರ್ ಅವರ ಅಧ್ಯಕ್ಷತೆಯಲ್ಲಿ ಬೋನಸ್ ಆಯೋಗ ರಚಿಸಿತು. 1964ರಲ್ಲಿ ವರದಿ ಕೊಟ್ಟ ಆಯೋಗ, ಯಂತ್ರ ಬದಲಾವಣೆಯ ಆ ವಿವಾದಿತ ಸಾಲನ್ನು ಕೈಬಿಟ್ಟು, ಷೇರು ಬಂಡವಾಳಕ್ಕೆ ಶೇ. 7, ಮೀಸಲು ನಿಧಿಗೆ ಶೇ. 4ರ ಪ್ರತಿಫಲ ಸಾಕೆಂದಿತು. ಇನ್ನೊಂದು ಹೊಸ ಮಾತನ್ನೂ ಹೇಳಿತು: ಲಾಭವಿರಲಿ ನಷ್ಟವಿರಲಿ, ಶೇ. 4ರಷ್ಟು ಬೋನಸ್ ಕೊಡಲೇಬೇಕು. ಸರ್ಕಾರ ಕನಿಷ್ಠ ಬೋನಸನ್ನು ಒಪ್ಪಿತು, ಆದರೆ ಮಾಲೀಕರ ಪ್ರತಿಫಲವನ್ನು ಶೇ. 8.5ಕ್ಕೂ ಶೇ. 6ಕ್ಕೂ ಏರಿಸಿತು. 1965ರ ಮೇ ತಿಂಗಳಿನಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರ್ 25ರಂದು ಬೋನಸ್ ಪಾವತಿ ಕಾಯ್ದೆಯಾಗಿ ಇದು ಜಾರಿಗೆ ಬಂತು. ಕನಿಷ್ಠ ಬೋನಸಿನ ನಿಯಮವನ್ನು ಮರುವರ್ಷ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಕಾಯ್ದೆಯ ಲೆಕ್ಕವನ್ನು ಒಂದು ಕಾಲ್ಪನಿಕ ಕಂಪನಿಯ ಮೇಲೆ ಹಾಕಿ ನೋಡಿದರೆ ಅದರ ಒಳಗುಟ್ಟು ತಿಳಿಯುತ್ತದೆ. ಷೇರು ಬಂಡವಾಳ ಒಂದು ಕೋಟಿ, ಮೀಸಲು ನಿಧಿ ಎರಡು ಕೋಟಿ, ವರ್ಷದ ಒಟ್ಟು ಲಾಭ ಒಂದು ಕೋಟಿ ಎಂದುಕೊಳ್ಳೋಣ. ಸಣ್ಣಪುಟ್ಟ ಹೊಂದಾಣಿಕೆಗಳನ್ನು ಬದಿಗಿಡೋಣ. ಸವಕಳಿಗೆ 20 ಲಕ್ಷ, ತೆರಿಗೆಗೆ 25 ಲಕ್ಷ, ಷೇರು ಬಂಡವಾಳದ ಪ್ರತಿಫಲಕ್ಕೆ 8.5 ಲಕ್ಷ, ಮೀಸಲು ನಿಧಿಯ ಪ್ರತಿಫಲಕ್ಕೆ 12 ಲಕ್ಷ ಕಳೆದರೆ ಉಳಿಯುವುದು 34.5 ಲಕ್ಷ. ಅದರ ಶೇ. 60, ಎಂದರೆ 20.7 ಲಕ್ಷ, ಕಾರ್ಮಿಕರಿಗೆ ಹಂಚುವ ಮೊತ್ತ. ಇನ್ನೂರು ಮಂದಿಗೆ ಸಮನಾಗಿ ಹಂಚಿದರೆ ತಲೆಗೆ 10,350 ರೂಪಾಯಿ. ಉಳಿದ ಶೇ. 40 ಕಂಪನಿಯಲ್ಲಿಯೇ ಉಳಿಯುತ್ತದೆ. ಇಲ್ಲಿ ನನ್ನ ಮನಸ್ಸನ್ನು ಕೊರೆಯುವುದು ಮೀಸಲು ನಿಧಿಯ ಆ 12 ಲಕ್ಷ. ಮೀಸಲು ನಿಧಿ ಎಂದರೆ ಹಿಂದಿನ ವರ್ಷಗಳಲ್ಲಿ ಹಂಚದೆ ಉಳಿಸಿಕೊಂಡ ಲಾಭ. ಅದನ್ನು ಗಳಿಸುವುದರಲ್ಲಿ ಇದೇ ಕಾರ್ಮಿಕರ ಬೆವರೂ ಇತ್ತು. ಹಾಗೆ ಉಳಿದ ಹಣಕ್ಕೆ ಪ್ರತಿವರ್ಷ ಪ್ರತಿಫಲ ಕಟ್ಟುವಾಗ ಅದು ಪೂರ್ತಿಯಾಗಿ ಮಾಲೀಕರ ಖಾತೆಗೆ ಸೇರುತ್ತದೆ.

ಮಾಲೀಕರ ವಾದವನ್ನು ತಳ್ಳಿಹಾಕುವಂತೆಯೂ ಇಲ್ಲ. ಮನೆಯ ಪತ್ರ ಅಡವಿಟ್ಟು ಬ್ಯಾಂಕ್ ಸಾಲ ತಂದು ಯಂತ್ರ ಕೊಂಡವರಿಗೆ, ಆರ್ಡರ್ ನಿಂತುಹೋದ ವರ್ಷ ರಾತ್ರಿ ನಿದ್ದೆ ಬರುವುದಿಲ್ಲ. ನಷ್ಟದ ಹೊರೆ ಮೊದಲು ಬೀಳುವುದು ಅವರ ಹೆಗಲ ಮೇಲೆ. ಆ ಅಪಾಯಕ್ಕೆ ಪ್ರತಿಫಲ ಬೇಕೆಂಬುದು ನ್ಯಾಯವೇ. ಹೊಸದಾಗಿ ಆರಂಭವಾದ ಘಟಕಗಳಿಗೆ ಮೊದಲ ಐದು ವರ್ಷ ಲಾಭ ಬಂದ ವರ್ಷ ಮಾತ್ರ ಬೋನಸ್ ಎಂಬ ರಿಯಾಯಿತಿಯನ್ನು ಕಾಯ್ದೆ ಕೊಟ್ಟದ್ದು ಇದೇ ಕಾರಣಕ್ಕೆ. ಆದರೆ ಕೆಲಸ ಕಳೆದುಕೊಳ್ಳುವ ಅಪಾಯವನ್ನು ಹೊತ್ತ ಕಾರ್ಮಿಕರಿಗೆ ಅಂಥ ಯಾವ ಪ್ರತಿಫಲವನ್ನೂ ಲೆಕ್ಕದ ಮೇಲಿನ ಸಾಲಿನಲ್ಲಿ ಬರೆದಿಲ್ಲ. ಕನಿಷ್ಠ ಬೋನಸ್ ಒಂದೇ ಅವರಿಗೆ ಅಲ್ಲಿ ದೊರೆತ ಜಾಗ.

ಹಾಗಾಗಿಯೇ ನಂತರದ ಜಗಳವೆಲ್ಲ ಆ ಕನಿಷ್ಠದ ಸುತ್ತ ನಡೆಯಿತು. 1972ರಲ್ಲಿ ಅದು ಶೇ. 4ರಿಂದ ಶೇ. 8.33ಕ್ಕೆ ಏರಿತು. ಹನ್ನೆರಡರಲ್ಲಿ ಒಂದು ಭಾಗ, ಎಂದರೆ ಸರಿಯಾಗಿ ಒಂದು ತಿಂಗಳ ಸಂಬಳ. ಹದಿಮೂರನೆಯ ತಿಂಗಳು ಎಂದು ಕಾರ್ಮಿಕರು ಕರೆಯುವುದು ಅದನ್ನೇ. ಕಾಯ್ದೆಯ ಹೊರಗಿದ್ದ ರೈಲ್ವೆ ನೌಕರರು ತಮಗೂ ಬೋನಸ್ ಬೇಕೆಂದರು. 1974ರ ಮೇ 8ರಂದು ಆರಂಭವಾಗಿ ಸುಮಾರು ಇಪ್ಪತ್ತು ದಿನ ದೇಶವನ್ನೇ ನಡುಗಿಸಿದ ರೈಲ್ವೆ ಮುಷ್ಕರದ ಮುಖ್ಯ ಬೇಡಿಕೆಗಳಲ್ಲಿ ಅದೂ ಒಂದು. ಮುಷ್ಕರದ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಸರ್ಕಾರ ಸಾವಿರಾರು ಮಂದಿಯನ್ನು ಬಂಧಿಸಿ ಮುಷ್ಕರ ಮುರಿಯಿತು. ತುರ್ತುಪರಿಸ್ಥಿತಿ ಜಾರಿಯಾದ ಮೂರೇ ತಿಂಗಳಲ್ಲಿ, 1975ರ ಸೆಪ್ಟೆಂಬರಿನಲ್ಲಿ, ಸುಗ್ರೀವಾಜ್ಞೆಯ ಮೂಲಕ ಕನಿಷ್ಠ ಬೋನಸನ್ನು ಮತ್ತೆ ಶೇ. 4ಕ್ಕೆ ಇಳಿಸಲಾಯಿತು, ಹಂಚುವಷ್ಟು ಲಾಭ ಉಳಿಯದಿದ್ದರೆ ಅದೂ ಇಲ್ಲ. ಬೀದಿಗಿಳಿದು ಪ್ರತಿಭಟಿಸುವ ದಾರಿ ಮುಚ್ಚಿದ್ದ ಹೊತ್ತಿನಲ್ಲಿ ಕೈಗೊಂಡ ತೀರ್ಮಾನವದು. 1977ರಲ್ಲಿ ಅಧಿಕಾರಕ್ಕೆ ಬಂದ ಜನತಾ ಸರ್ಕಾರ ಶೇ. 8.33ನ್ನು ಮರಳಿ ತಂದಿತು. ರೈಲ್ವೆಯಲ್ಲಿ 1979–80ರಿಂದ ಉತ್ಪಾದಕತೆಗೆ ಹೊಂದಿಸಿದ ಬೋನಸ್ ಆರಂಭವಾಯಿತು.

ಆ ನಂತರ ದರ ಬದಲಾಗಿಲ್ಲ: ಕನಿಷ್ಠ ಶೇ. 8.33, ಗರಿಷ್ಠ ಶೇ. 20. ಬದಲಾದದ್ದು ಮಿತಿಗಳು, ಅವೂ ಬಹಳ ನಿಧಾನವಾಗಿ. ಬೋನಸಿಗೆ ಎರಡು ಮಿತಿಗಳಿವೆ: ತಿಂಗಳಿಗೆ ಎಷ್ಟು ಸಂಬಳದವರೆಗಿನವರಿಗೆ ಹಕ್ಕಿದೆ ಎಂಬುದು ಒಂದು, ಸಂಬಳ ಎಷ್ಟೇ ಇದ್ದರೂ ಎಷ್ಟರ ಮೇಲೆ ಲೆಕ್ಕ ಹಾಕಬೇಕು ಎಂಬುದು ಇನ್ನೊಂದು. 1965ರಲ್ಲಿ ಇವು 1,600 ಮತ್ತು 750 ರೂಪಾಯಿ. 1995ರಲ್ಲಿ 3,500 ಮತ್ತು 2,500. 2007ರಲ್ಲಿ 10,000 ಮತ್ತು 3,500. ಎಂದರೆ 2007ರ ನಂತರದ ವರ್ಷಗಳಲ್ಲಿ ಒಂಬತ್ತು ಸಾವಿರ ಸಂಬಳ ಪಡೆಯುತ್ತಿದ್ದವರ ಹದಿಮೂರನೆಯ ತಿಂಗಳಿಗೆ ನಿಜವಾಗಿ ಸಿಗುತ್ತಿದ್ದುದು ಸುಮಾರು 3,500 ರೂಪಾಯಿ. 2015ರ ಕೊನೆಯಲ್ಲಿ ಸಂಸತ್ತು ಮಿತಿಗಳನ್ನು 21,000ಕ್ಕೂ, 7,000 ಅಥವಾ ಆಯಾ ಉದ್ಯೋಗದ ಕನಿಷ್ಠ ವೇತನ ಇವುಗಳಲ್ಲಿ ಹೆಚ್ಚಿನದಕ್ಕೂ ಏರಿಸಿ, 2014ರ ಏಪ್ರಿಲ್‌ನಿಂದಲೇ ಪೂರ್ವಾನ್ವಯ ಮಾಡಿತು. ಮುಗಿದುಹೋದ ವರ್ಷದ ಲೆಕ್ಕವನ್ನು ಮತ್ತೆ ತೆರೆಯಲಾಗದು ಎಂದು ಮಾಲೀಕರು ನ್ಯಾಯಾಲಯಕ್ಕೆ ಹೋದರು. ಕೇರಳ ಮತ್ತು ಕರ್ನಾಟಕದ ಹೈಕೋರ್ಟುಗಳು 2016ರಲ್ಲಿ ಆ ಪೂರ್ವಾನ್ವಯಕ್ಕೆ ತಡೆ ಕೊಟ್ಟವು. ಮಿತಿ ಏರದೆ ಕಳೆದ ವರ್ಷಗಳಲ್ಲಿ ಕಾರ್ಮಿಕರು ಕಳೆದುಕೊಂಡದ್ದನ್ನು ಮಾತ್ರ ಯಾವ ಪೂರ್ವಾನ್ವಯವೂ ಮುಟ್ಟಲಿಲ್ಲ.

ಇನ್ನೊಂದು ಸೋರಿಕೆ ಗುತ್ತಿಗೆ ಪದ್ಧತಿಯಲ್ಲಿದೆ. ದೊಡ್ಡ ಕಾರ್ಖಾನೆಯ ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತು ಒಂದೇ ಬೋಲ್ಟು ಬಿಗಿಯುವ ಇಬ್ಬರಲ್ಲಿ, ಕಾಯಂ ನೌಕರರ ಬೋನಸ್ ಕಂಪನಿಯ ಲಾಭವನ್ನು ಅವಲಂಬಿಸಿದರೆ, ಗುತ್ತಿಗೆ ಕಾರ್ಮಿಕರದ್ದು ಗುತ್ತಿಗೆದಾರರ ಲಾಭವನ್ನು ಅವಲಂಬಿಸುತ್ತದೆ. ಗುತ್ತಿಗೆದಾರರ ಲೆಕ್ಕಪುಸ್ತಕದಲ್ಲಿ ಹಂಚುವಷ್ಟು ಲಾಭ ಕಾಣುವುದು ಅಪರೂಪ. ಹಾಗಾಗಿ ಅವರ ಪಾಲಿಗೆ ಎಂಟು ಮೂವತ್ತಮೂರೇ ಕನಿಷ್ಠ, ಅದೇ ಗರಿಷ್ಠ. ಕಾರುಗಳು ಎಷ್ಟೇ ಮಾರಾಟವಾದರೂ ಆ ಲಾಭದ ಎಳೆ ಅವರವರೆಗೆ ಬಂದು ಮುಟ್ಟುವುದಿಲ್ಲ. ಕಾಯಂ ನೌಕರರ ಸಂಘಕ್ಕೂ ಕಂಪನಿಯ ಲೆಕ್ಕವನ್ನು ಪ್ರಶ್ನಿಸುವುದು ಸುಲಭವಲ್ಲ. ಆಡಿಟ್ ಆದ ಜಮಾಖರ್ಚಿನ ಪಟ್ಟಿ ಸರಿಯಾಗಿದೆ ಎಂದೇ ಭಾವಿಸಬೇಕೆಂದು ಕಾಯ್ದೆ ಹೇಳುತ್ತದೆ.

2019ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯು 1965ರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ದರಗಳು ಹಾಗೆಯೇ ಇವೆ. ಮಿತಿ ಏರಿಸಲು ಇನ್ನು ಸಂಸತ್ತಿನವರೆಗೆ ಹೋಗಬೇಕಿಲ್ಲ, ಸರ್ಕಾರದ ಅಧಿಸೂಚನೆ ಸಾಕು. ಬೆಲೆಗಳ ಜೊತೆ ಮಿತಿಯನ್ನೂ ಏರಿಸುವ ಮನಸ್ಸಿದ್ದರೆ ಇದು ಒಳ್ಳೆಯದೇ. ಆದರೆ ಹಳೆಯ ಕಾಯ್ದೆಯ ಅನ್ವಯ, ಕಾರ್ಖಾನೆ ಎಂದು ನೋಂದಣಿಯಾದ ಘಟಕ ಎಷ್ಟೇ ಚಿಕ್ಕದಾದರೂ ಬೋನಸಿನ ವ್ಯಾಪ್ತಿಗೆ ಬರುತ್ತಿತ್ತು. ಇಪ್ಪತ್ತು ಜನರ ಮಿತಿ ಇದ್ದದ್ದು ಇತರ ಸಂಸ್ಥೆಗಳಿಗೆ. ಹೊಸ ಸಂಹಿತೆ ಇಪ್ಪತ್ತರ ಮಿತಿಯನ್ನು ಕಾರ್ಖಾನೆಗಳನ್ನೂ ಸೇರಿಸಿ ಎಲ್ಲರಿಗೂ ಒಂದೇ ಮಾಡಿದೆ. ಪೀಣ್ಯದ ಶೆಡ್ಡೊಂದರಲ್ಲಿ ನಾಲ್ಕು ಲೇತು, ಎರಡು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡು ಹದಿನಾಲ್ಕು ಜನ ದುಡಿಯುವಲ್ಲಿ, ಮುಂದಿನ ಆಯುಧಪೂಜೆಗೂ ಯಂತ್ರಕ್ಕೆ ಕುಂಕುಮ ಹಚ್ಚುತ್ತಾರೆ, ಪೊಟ್ಟಣದ ಜೊತೆ ಲಕೋಟೆಯೂ ಬರಬಹುದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ಆ ಹದಿನಾಲ್ಕು ಜನರ ಹಕ್ಕಾಗಿತ್ತು. ಈಗ, 1924ರ ಮುಂಬಯಿಯಲ್ಲಿದ್ದಂತೆ, ಕೊಡುವವರ ಮನಸ್ಸಿಗೆ ಬಿಟ್ಟ ವಿಚಾರ.